ಏಡಿ ಹೆಜ್ಜೆ

ದೋಣಿಯ ಹುಟ್ಟಿನಷ್ಟು ಉದ್ದದ ಸೌಟನ್ನು ಕೊಪ್ಪರಿಗೆಯ ತಳಕ್ಕೆ ಒತ್ತಿ, ತನ್ನ ಕಡೆಗೆ ಎಳೆದು, ಮತ್ತೆ ಒತ್ತುತ್ತಿದ್ದಳು ಚಿಜುರು. ಮೂಲಂಗಿ, ಗಜ್ಜರಿ, ಹಂದಿಮಾಂಸದ ತುಂಡುಗಳು ಒಂದರ ಮೇಲೊಂದು ಉರುಳಿ ಮೇಲೆ ಬಂದು ಮುಳುಗುತ್ತಿದ್ದವು. ಕೊನೆಗೆ ಮಿಸೊ ಎಂಬ ಹುದುಗಿಸಿದ ಸೋಯಾ ಮುದ್ದೆ ಕರಗಿಸಿ, ಊರಿನ ಶಾಲೆಗಳಿಗೆಲ್ಲ ಮಧ್ಯಾಹ್ನ ಕಳಿಸಬೇಕಾದ ಸಾರು ಅದು. ಕೈ ಒಂದು ಗಳಿಗೆ ನಿಂತರೂ ತಳ ಹಿಡಿಯುತ್ತದೆ, ತಳ ಹಿಡಿದರೆ ಅಷ್ಟೂ ಮಕ್ಕಳ ಬಾಯಲ್ಲಿ ಸೀದ ರುಚಿ.

"ಈರುಳ್ಳಿ ಎಲ್ಲಿ?" ಎಂದು ತಲೆ ಎತ್ತದೆ ಕೂಗಿದಳು.

"ಬಂತು, ಬಂತು! ಮಿಸೊ ಹಾಕಿಬಿಟ್ಟೀಯ, ತಡಿ!" ತರಕಾರಿ ತೊಳೆಯುವ ಕೋಣೆಯಿಂದ ಹಿರಿಯ ಮಿಸಾವೊ-ಸಾನ್ ದನಿ ಬಂತು.

ಅದರ ಬೆನ್ನಿಗೇ ಒದ್ದೆ ನೆಲದ ಮೇಲೆ ರಬ್ಬರು ಕಿರ್ರೆಂದಿತು. ಕಪಾಟು ದಡದಡನೆ ಅಲುಗಿತು. ಬುಟ್ಟಿಯೊಂದು ಮಗುಚಿ ಬಿತ್ತು. ಚಿಜುರು ಬೆಚ್ಚಿದಳು. ಕೈ ಮಾತ್ರ ಸೌಟು ಬಿಡಲಿಲ್ಲ. ಹೊರಳಿ ನೋಡಿದಾಗ ಎರಡು ಕೋಣೆಗಳ ನಡುವಿನ ಬಾಗಿಲಲ್ಲಿ ಮಿಸಾವೊ-ಸಾನ್ ಕಪಾಟನ್ನು ತಬ್ಬಿಕೊಂಡು ನೇತಾಡುತ್ತಿದ್ದರು. ಒಂದು ಕಾಲು ಬೂಟಿನೊಳಗೆ, ಇನ್ನೊಂದು ಬರೀ ಕಾಲುಚೀಲದಲ್ಲಿ ಬಾಗಿಲ ಅಡ್ಡ ಹಲಗೆಯ ಮೇಲೆ. ಈರುಳ್ಳಿಯೆಲ್ಲ ನೆಲದ ಪಾಲು.

"ಮಿಸಾವೊ-ಸಾನ್, ಈರುಳ್ಳಿಗೆ ಅಡ್ಡಬೀಳೋದಾದ್ರೆ ಪೂರ್ತಿ ಬೀಳ್ಬೇಕು, ಅರ್ಧಕ್ಕೆ ನಿಲ್ಸಬಾರ್ದು," ಎಂದಳು ಜೊತೆಗೆಲಸದ ಎತ್ಸುಕೊ, ಓಡಿಹೋಗಿ ಅವರ ಸೊಂಟ ಹಿಡಿಯುತ್ತಲೇ.

"ಬಿಡೇ, ಏನಾಗಿಲ್ಲ. ಬೂಟು ಸ್ವಲ್ಪ ತುಂಟತನ ಮಾಡ್ತು."

ಎಲ್ಲರೂ ನಕ್ಕರು. ನಗುತ್ತಲೇ ಎಲ್ಲರ ಕಣ್ಣೂ ಮೇಲಕ್ಕೆ ಹೋಯಿತು. ಮಹಡಿಯ ಕಚೇರಿಗೆ ಅಡುಗೆಮನೆಯತ್ತ ತೆರೆಯುವ ದೊಡ್ಡ ಗಾಜಿನ ಕಿಟಕಿ ಇದೆ. ಅಲ್ಲಿ ಈ ಶಾಲಾ ಊಟದ ಕೇಂದ್ರದ ಮುಖ್ಯಸ್ಥ ಓನುಮಾ ಟೀ ಲೋಟ ಹಿಡಿದು ನಿಂತಿದ್ದರು. ಅವರು ಸರಕ್ಕನೆ ಲೋಟದೊಳಗೆ ಕಣ್ಣು ಹಾಯಿಸಿದರು. ಆಗಲೇ ಚಿಜುರುವಿಗೆ ಗೊತ್ತಾಯಿತು, ನೋಡಿಬಿಟ್ಟಿದ್ದಾರೆ ಎಂದು.

ಮೊನ್ನೆ ತಾನೇ ಓನುಮಾ ಅವಳನ್ನು ಮೇಲಕ್ಕೆ ಕರೆಸಿದ್ದರು. ಅಡುಗೆಮನೆಯ ಹೆಂಗಸರಿಗೆ ಅವಳೇ ಮುಂದಾಳು. "ವಸಂತದಲ್ಲಿ ಫುಜಿಎ-ಸಾನ್ ತೊಳೆಯೋ ಕೋಣೆ ಬಾಗಿಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡ್ರು, ಕೆಲಸಾನೇ ಬಿಟ್ರು. ಹೋದ ತಿಂಗಳು ಮಿಸಾವೊ-ಸಾನ್ ಅಲ್ಲೇ ಬಿದ್ದು ಮೊಣಕೈ ಜಜ್ಜಿಕೊಂಡ್ರು. ಇಬ್ರೂ ಅರವತ್ತು ದಾಟಿದೋರು," ಎಂದು ಅವರು ತಗ್ಗಿದ ದನಿಯಲ್ಲಿ ಹೇಳಿದ್ದರು. "ಸೋಮವಾರ ಪುರಸಭೇಲಿ ಸಭೆ ಇದೆ. ಅರವತ್ತು ದಾಟಿದೋರನ್ನ ಇನ್ಮೇಲೆ ಅಡುಗೆಮನೇಲಿ ಇಟ್ಕೊಳ್ಳೋದು ಬೇಡ, ಮಾರ್ಚಿಗೆ ಗುತ್ತಿಗೆ ಮುಗಿದಾಗ ನಿಲ್ಲಿಸೋಣ ಅಂತ ಹೇಳೋನಿದ್ದೀನಿ. ನಿಮಗೆ ಮೊದಲೇ ಗೊತ್ತಿರಲಿ ಅಂತ ಹೇಳ್ದೆ. ಅವರಿಗೆ ಈಗ್ಲೇ ಹೇಳ್ಬೇಡಿ."

ಓನುಮಾ ಕೆಟ್ಟವರಲ್ಲ. ಹೆದರಿದವರು. ಫುಜಿಎ-ಸಾನ್ ನೆಲದ ಮೇಲೆ ಕೂತು ಕೈ ಹಿಡಿದುಕೊಂಡು ಅತ್ತದ್ದನ್ನು ಅವರು ಆ ಕಿಟಕಿಯಿಂದಲೇ ನೋಡಿದ್ದರು.

ಫುಜಿಎ-ಸಾನ್ ಹೋದ ಮೇಲೆ ಅಡುಗೆಮನೆಯಲ್ಲಿ ಅರವತ್ತು ದಾಟಿದವರೆಂದರೆ ಮಿಸಾವೊ-ಸಾನ್ ಒಬ್ಬರೇ. ಗಂಡ ತೀರಿಕೊಂಡ ಮರುವಾರವೂ ಅವರು ಬೆಳಗಿನ ಕತ್ತಲೆಯಲ್ಲಿ ಹಿಮ ತುಳಿದುಕೊಂಡು ಇಲ್ಲಿಗೇ ಬಂದಿದ್ದರು. "ಮನೇಲಿ ಒಬ್ಬಳಿಗೆ ಅನ್ನ ಬೇಯ್ಸೋಕೆ ಕೈ ಬರಲ್ಲ ಕಣೇ, ಅಳತೆ ತಪ್ಪಿ ಹೋಗುತ್ತೆ," ಎಂದಿದ್ದರು. ಗಂಡನಿಂದ ಬೇರೆಯಾಗಿ, ಬಾಯಲ್ಲಿ ಮಾತೇ ಇಲ್ಲದೆ ಚಿಜುರು ಇಲ್ಲಿ ಸೇರಿಕೊಂಡಾಗ ಆ ಸೌಟು ಹಿಡಿಯಲು ಕಲಿಸಿದವರು ಅವರೇ. ತೋಳಿಂದಲ್ಲ, ಸೊಂಟದಿಂದ ಎಳಿ ಎಂದು.

ಈಗ ಆ ಸೊಂಟದಿಂದಲೇ ಸೌಟೆಳೆಯುತ್ತ ಚಿಜುರು ಸೋಮವಾರದ ಬಗ್ಗೆ ಯೋಚಿಸುತ್ತಿದ್ದಳು. ಈವತ್ತು ಬುಧವಾರ.

*

ಮಧ್ಯಾಹ್ನ ಲಾರಿಗಳು ಹೋದ ಮೇಲೆ ನೆಲ ತೊಳೆಯುವ ಕೆಲಸ. ಎತ್ಸುಕೊ ಪೈಪಿನಲ್ಲಿ ನೀರು ಬಿಡುತ್ತಿದ್ದಳು, ಚಿಜುರು ವೈಪರ್ ಹಿಡಿದು ಮೋರಿಯತ್ತ ಎಳೆಯುತ್ತಿದ್ದಳು. ಬ್ರಷ್ಷು ತೊಳೆಯುವ ಕೋಣೆಯಲ್ಲಿತ್ತು. ತರಲೆಂದು ಹೊರಟಳು.

ಎರಡು ಕೋಣೆಗಳ ನಡುವಿನ ಬಾಗಿಲಲ್ಲಿ ಒಂದು ಅಡ್ಡ ಹಲಗೆ. ಆ ಕಡೆ ಮಣ್ಣು ಮೆತ್ತಿದ ತರಕಾರಿಯ ಲೋಕ, ಈ ಕಡೆ ಬೇಯುವ ಅನ್ನದ ಲೋಕ. ಆ ಕಡೆಯ ಬೂಟು ಈ ಕಡೆ ಬರಕೂಡದು. ಹಾಗಾಗಿ ದಾಟುವವರು ಇಲ್ಲಿ ಒಂದು ಜೊತೆ ಕಳಚಿ, ಹಲಗೆ ಹತ್ತಿ, ಅತ್ತ ಇನ್ನೊಂದು ಜೊತೆಗೆ ಕಾಲಿಡಬೇಕು. ಕಳಚುವಾಗ ಬೂಟಿನ ಮೂತಿ ಹಲಗೆಯ ಕಡೆಗಿರಬಾರದು, ಕೋಣೆಯ ಕಡೆಗಿರಬೇಕು. ಆಗ ಮುಂದೆ ಬರುವವಳು ನೇರವಾಗಿ ಕಾಲು ತೂರಿಸಿಕೊಂಡು ನಡೆದುಬಿಡಬಹುದು. ಮನೆಯಲ್ಲಿ ಅತಿಥಿಗಳು ಹೊರಡುವಾಗ ಸುಲಭವಾಗಲೆಂದು ಅವರ ಚಪ್ಪಲಿ ತಿರುಗಿಸಿಡುವುದಿಲ್ಲವೇ, ಹಾಗೆ.

ಚಿಜುರು ಹಲಗೆಗೆ ಬೆನ್ನು ಹಾಕಿ ನಿಂತಳು. ಬಲಗಾಲನ್ನು ಬೂಟಿನಿಂದ ಎಳೆದು ಹಿಂದಕ್ಕೆ ಚಾಚಿದಳು. ಹಿಮ್ಮಡಿ ಗಾಳಿಯಲ್ಲಿ ಹಲಗೆಯನ್ನು ತಡಕಾಡಿತು, ತಡಕಾಡಿ ಅಂಚು ಸಿಕ್ಕಿತು. ಅಷ್ಟರಲ್ಲಿ ಎಡಗಾಲಿನ ಬೂಟು ಒದ್ದೆ ನೆಲದ ಮೇಲೆ ಇಷ್ಟೇ ಇಷ್ಟು ಮುಂದಕ್ಕೆ ಸರಿಯಿತು.

ಅವಳು ಹಾಗೇ ನಿಂತುಬಿಟ್ಟಳು, ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ.

ಹಿಂದೆ ಹಿಂದೆ ನಡೆಯುತ್ತಿದ್ದೇನಲ್ಲ! ಕಣ್ಣಿಲ್ಲದ ಕಡೆಗೆ!

ಇಳಿದಳು, ಬೂಟು ಹಾಕಿಕೊಂಡಳು, ಮತ್ತೆ ಬೆನ್ನು ಹಾಕಿ ಹತ್ತಿದಳು. ಇಳಿದಳು, ಮತ್ತೆ ಹತ್ತಿದಳು. ಪ್ರತಿ ಸಲವೂ ಬೂಟು ಅದೇ ರೀತಿ ಮುಂದಕ್ಕೆ ಸರಿಯಿತು, ಹಿಮ್ಮಡಿ ಅದೇ ರೀತಿ ಕುರುಡಾಗಿ ತಡಕಿತು.

"ಏನೇ ಚಿಜು, ಚಳಿಗಾಲದಲ್ಲಿ ಬೇಸಿಗೆಯ ಬೊನ್ ಹಬ್ಬದ ಕುಣಿತಾನಾ?" ಪೈಪು ಹಿಡಿದೇ ಕೇಳಿದಳು ಎತ್ಸುಕೊ.

"ಎತ್ಸುಕೊ, ಇಲ್ಲಿ ಬಾ. ಈ ಕಡೆಯಿಂದ ಆ ಕಡೆ ದಾಟು."

"ಯಾಕೆ?"

"ದಾಟು ಅಂದ್ನಲ್ಲ."

ಎತ್ಸುಕೊ ಬಂದಳು, ಬೆನ್ನು ಹಾಕಿದಳು, ಹಿಂದಕ್ಕೆ ಕಾಲು ಚಾಚಿದಳು, ಕೈ ತಾನಾಗಿ ಕಪಾಟನ್ನು ಹಿಡಿಯಿತು. ಚಿಜುರು ಚಪ್ಪಾಳೆ ತಟ್ಟಿದಳು.

"ಕಪಾಟು ಯಾಕೆ ಹಿಡ್ಕೊಂಡೆ?"

"ಬೀಳ್ತೀನಲ್ಲ, ಅದಕ್ಕೆ."

"ನಿನಗೆಷ್ಟು ವಯಸ್ಸು?"

"ನಲವತ್ತ... ಏ, ಎಲ್ರ ಮುಂದೆ ಕೇಳ್ತೀಯಲ್ಲೇ!"

ಅಷ್ಟರಲ್ಲಿ ಪಟ್ಟಿಯಂತೆ ನಾಳೆಯ ಸಾಮಾನು ನೋಡಲು ಇಗರಾಶಿ-ಸೆನ್ಸೇ ಬಂದರು. ಊಟದಲ್ಲಿ ಏನಿರಬೇಕು, ಎಷ್ಟಿರಬೇಕು ಎಂದು ಗೊತ್ತುಮಾಡುವ, ಹಾಗಾಗಿ ಎಲ್ಲರೂ ಸೆನ್ಸೇ, ಅಂದರೆ ಮೇಡಂ, ಎಂದು ಕರೆಯುವ ಈ ಹುಡುಗಿ ಕಾಲೇಜು ಮುಗಿಸಿ ಬಂದು ಎರಡು ವರ್ಷವೂ ಆಗಿಲ್ಲ. ಅವರೂ ಮಾತಾಡುತ್ತಲೇ ಬಾಗಿಲಿಗೆ ಬೆನ್ನು ಹಾಕಿದರು, ಕಾಲು ಹಿಂದೆ ಚಾಚಿದರು, "ಅಯ್ಯೋ" ಎಂದು ಎತ್ಸುಕೊಳ ಭುಜ ಹಿಡಿದುಕೊಂಡರು.

ಇಬ್ಬರು ಹೆಂಗಸರೂ ಒಟ್ಟಿಗೇ ಕಿರುಚಿದರು. ಸೆನ್ಸೇ ಗಾಬರಿಯಾದರು. "ಏನು? ಏನಾಯ್ತು? ಜಿರಳೆನಾ?"

"ಸೆನ್ಸೇ, ನೀವೂ! ನಿಮಗಿನ್ನೂ ಹಾಲುಹಲ್ಲು, ನೀವೂ ಜಾರಿದ್ರಿ!"

ಚಿಜುರು ಉಸಿರು ಕಟ್ಟಿ ವಿವರಿಸಿದಳು. ಮಾತು ಮಾತಿಗೆ ಡಿಕ್ಕಿ ಹೊಡೆಯುತ್ತಿತ್ತು. ಇದು ವಯಸ್ಸಲ್ಲ. ಎಲ್ಲರೂ ಜಾರುತ್ತಾರೆ, ಇಲ್ಲೇ ಜಾರುತ್ತಾರೆ. ಚಿಕ್ಕವರು ಸಾವರಿಸಿಕೊಳ್ಳುತ್ತಾರೆ, ಹಾಗಾಗಿ ಯಾರ ಲೆಕ್ಕಕ್ಕೂ ಬರುವುದಿಲ್ಲ. ಮೊಣಕಾಲು ನೋವಿರುವವರು ಬೀಳುತ್ತಾರೆ. ಮೊದಲೆಲ್ಲ ಮುಂದಕ್ಕೇ ಹತ್ತಿ, ಆಮೇಲೆ ಕೂತು ಕೈಯಿಂದ ಬೂಟು ತಿರುಗಿಸುತ್ತಿದ್ದೆವಲ್ಲ? ಕೂತೇಳಲಾಗದೆ, ಹೊತ್ತಿಲ್ಲದೆ, ಹಿಂದೆ ಹಿಂದೆ ಹತ್ತುವ ಅಭ್ಯಾಸ ಮಾಡಿಕೊಂಡೆವು.

"ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ," ಎಂದಳು ಎತ್ಸುಕೊ. "ಓನುಮಾ-ಸಾನ್ ಹಾಗೇ ಅಂತಾರೆ ನೋಡ್ತಿರು."

"ನೆಲ ಡೊಂಕಿಲ್ಲ ಕಣೇ. ನಮಗೆ ಕಲಿಸಿದ ಕುಣಿತಾನೇ ಡೊಂಕು."

ಹೇಳಿದ ಮೇಲೆ ಅವಳಿಗೆ ಹೊಳೆಯಿತು. ಕಲಿಸಿದವರು ಯಾರು? ಹೊಸದಾಗಿ ಬಂದ ಪ್ರತಿ ಹೆಂಗಸಿನ ಪಕ್ಕದಲ್ಲಿ ಕೂತು, ಬೂಟನ್ನು ಎರಡೂ ಕೈಯಿಂದ ತಿರುಗಿಸಿಟ್ಟು, "ಮುಂದಿನವಳ ಕಾಲು ಹುಡುಕಬಾರದು" ಎಂದು ಹೇಳಿಕೊಟ್ಟವರು ಮಿಸಾವೊ-ಸಾನ್. ಬಿಸಿನೀರಿನ ಬುಗ್ಗೆಯ ಬಳಿ ಅತ್ತೆ ನಡೆಸುತ್ತಿದ್ದ ವಸತಿಗೃಹದಲ್ಲಿ ಹೊಸ ಸೊಸೆಯಾಗಿ ಅವರು ಕಲಿತ ಪಾಠ ಅದು. ಎತ್ಸುಕೊಗೂ ಅದು ನೆನಪಾಗಿರಬೇಕು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಹಾಗಾದ್ರೆ ತಿರುಗಿಸೋದು ಬೇಡ. ಹೇಗೆ ಬಿಟ್ರೆ ಹಾಗೇ ಇರ್ಲಿ," ಎಂದರು ಇಗರಾಶಿ-ಸೆನ್ಸೇ.

ಬಿಟ್ಟು ನೋಡಿದರು. ಈಗ ಹತ್ತುವವಳಿಗೆ ಸುಲಭ, ಮುಂದೆ ಬರುವವಳು ಹಲಗೆಯ ಮೇಲೆ ಗರಗರ ತಿರುಗಿ ಹಿಂದಕ್ಕೆ ಇಳಿಯಬೇಕು. ಅದು ಇನ್ನೂ ಕಷ್ಟ. ಮೂತಿ ಕೋಣೆಯ ಕಡೆ ಇಟ್ಟರೆ ಹತ್ತುವವಳು ಕುರುಡಿ, ಹಲಗೆಯ ಕಡೆ ಇಟ್ಟರೆ ಇಳಿಯುವವಳು ಕುರುಡಿ. ಸೆನ್ಸೇ ತುಟಿ ಕಚ್ಚಿಕೊಂಡರು. ಎತ್ಸುಕೊ ಬೇಸತ್ತು ಬೂಟುಗಳನ್ನು ಕಾಲಿಂದ ಒದ್ದಳು. ಅವು ಹಲಗೆಯ ಉದ್ದಕ್ಕೆ ಸಮನಾಗಿ, ಮೂತಿ ಪಕ್ಕಕ್ಕೆ ಮಾಡಿ, ಅಡ್ಡಡ್ಡ ನಿಂತವು.

ಚಿಜುರು ನೋಡಿದಳು. ಹೋಗಿ ಆ ಅಡ್ಡ ಬೂಟಿನಲ್ಲಿ ಕಾಲಿಟ್ಟಳು. ಹಲಗೆ ಈಗ ಅವಳ ಪಕ್ಕದಲ್ಲಿತ್ತು, ಕಣ್ಣಿಗೆ ಕಾಣುತ್ತಿತ್ತು. ಮುಂದಿದ್ದ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ಪಕ್ಕಕ್ಕೆ ಒಂದು ಹೆಜ್ಜೆ ಹತ್ತಿದಳು. ಬೂಟು ಇದ್ದಲ್ಲೇ ಇತ್ತು. ಮತ್ತೆ ಪಕ್ಕಕ್ಕೆ ಇಳಿದಳು. ಕಾಲು ತಾನಾಗಿ ಬೂಟಿನೊಳಗೆ ಹೋಯಿತು.

"ಏಡಿ!" ಎಂದು ಕೂಗಿದಳು ಎತ್ಸುಕೊ. "ಬಂದರಿನ ಏಡಿ ಥರ! ಸೆನ್ಸೇ, ನೋಡಿ, ಏಡಿ!"

ಮೂವರೂ ಸಾಲಾಗಿ ಅತ್ತಿಂದಿತ್ತ ಏಡಿಗಳಾದರು. ನಕ್ಕು ನಕ್ಕು ಸೆನ್ಸೇಯ ಟೋಪಿ ಜಾರಿತು. ಚಿಜುರುವಿಗೆ ಎದೆಯೊಳಗೆ ಏನೋ ಉಕ್ಕಿ ಬರುತ್ತಿತ್ತು, ಹಾಲು ಉಕ್ಕುವ ಹಾಗೆ. ಐವತ್ತು ದಾಟಿದರೂ ಇದು ತನ್ನದು, ತಾನು ಕಂಡುಹಿಡಿದದ್ದು ಎಂದು ಹೇಳಿಕೊಳ್ಳುವಂಥದ್ದು ಅವಳ ಕೈಗೆ ಸಿಕ್ಕಿರಲಿಲ್ಲ. ಶಾಲೆಯಲ್ಲಿ ಕೈ ಎತ್ತಿದವಳಲ್ಲ. ಗಂಡನ ಮನೆಯಲ್ಲಿ ಅವಳು ಹೇಳಿದ್ದನ್ನು ಗಂಡ ಹೇಳಿದರೆ ಮಾತ್ರ ಅದು ಮಾತಾಗುತ್ತಿತ್ತು.

*

ಗುರುವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಚಿಜುರು ಮತ್ತು ಸೆನ್ಸೇ ಹಲಗೆಯ ಎರಡೂ ಬದಿ ಹಳದಿ ಟೇಪಿನಲ್ಲಿ ಪಾದದ ಗುರುತು ಅಂಟಿಸಿದರು. ಬಾಗಿಲ ಎರಡೂ ಕಡೆಯ ಚೌಕಟ್ಟಿಗೆ ಹಿಡಿಕೆ ಕಟ್ಟಿದರು. ಹೆಂಗಸರು ಬಂದರು, ನೋಡಿದರು, ನಕ್ಕರು, ಹತ್ತಿದರು. ಕೊನೆಗೆ ಮಿಸಾವೊ-ಸಾನ್ ಬಂದರು. ಅಡ್ಡಡ್ಡ ನಿಂತ ಬೂಟುಗಳನ್ನು ನೋಡಿ ಹುಬ್ಬು ಗಂಟಿಕ್ಕಿದರು. ಮೊಣಕಾಲಿನ ಮೇಲೆ ಕೈಯೂರಿ ಬಲು ಕಷ್ಟದಲ್ಲಿ ಕೂತು, ಒಂದೊಂದನ್ನೇ ನೆಟ್ಟಗೆ ತಿರುಗಿಸತೊಡಗಿದರು.

"ಮಿಸಾವೊ-ಸಾನ್, ಅದು ಹಾಗೇ ಇರಲಿ," ಎಂದಳು ಚಿಜುರು.

"ಕುಡಿದು ಬಂದ ಗಂಡಸಿನ ಚಪ್ಪಲಿ ಹೀಗಿರುತ್ತೆ."

"ಜಾರಬಾರದು ಅಂತ ಹಾಗಿಟ್ಟಿದ್ದೀವಿ. ಇನ್ಮೇಲೆ ಹಿಂದೆ ಹಿಂದೆ ಹತ್ತೋದು ಬೇಡ."

ಮಿಸಾವೊ-ಸಾನ್ ಕೂತಲ್ಲಿಂದಲೇ ತಲೆ ಎತ್ತಿದರು. "ನಿನ್ನೆ ನಾನು ಜಾರಿದ್ದಕ್ಕಾ ಇದೆಲ್ಲ? ನಿನಗೆ ವಯಸ್ಸಾಯ್ತು ಅಂತ ಬಾಯಲ್ಲಿ ಹೇಳೋ ಬದಲು ಹಳದಿ ಬಣ್ಣದಲ್ಲಿ ಅಂಟಿಸಿದ್ಯಾ, ಚಿಜುರು-ಚಾನ್?"

"ನಾನೂ ಜಾರ್ತೀನಿ! ಎತ್ಸುಕೊ ಜಾರ್ತಾಳೆ, ಸೆನ್ಸೇ ಜಾರ್ತಾರೆ."

"ನಾನು ಜಾರಿದ್ದು ನನ್ನ ಕಾಲಿನ ತಪ್ಪು. ಬೂಟು ಏನು ಮಾಡ್ತು?"

ಸೋಮವಾರದ ಮಾತು ಚಿಜುರುವಿನ ನಾಲಿಗೆಯ ತುದಿಗೆ ಬಂದು ನಿಂತಿತು. ನೀವು ಇಲ್ಲೇ ಇರಬೇಕು ಅಂತಲೇ ಇದೆಲ್ಲ ಎಂದು ಒದರಿಬಿಡಬೇಕೆನಿಸಿತು. ಆದರೆ ಹಾಗೆ ಹೇಳಿದರೆ ಈ ಹೆಂಗಸು ಇಂದೇ ಬಿಳಿ ಟೋಪಿ ಕಳಚಿ, ನೀಟಾಗಿ ಮಡಿಸಿ, ಎಲ್ಲರಿಗೂ ಬಾಗಿ, ಯಾರಿಗೂ ತೊಂದರೆ ಬೇಡವೆಂದು ಹೊರಟುಬಿಡುತ್ತಾರೆಂದು ಅವಳಿಗೆ ಗೊತ್ತಿತ್ತು.

ಅಷ್ಟರಲ್ಲಿ ಎಲೆಕೋಸಿನ ಬುಟ್ಟಿ ಹೊತ್ತ ಎತ್ಸುಕೊ ಆ ಕಡೆಯಿಂದ, ಖಾಲಿ ತಟ್ಟೆ ಹಿಡಿದ ಇನ್ನೊಬ್ಬಳು ಈ ಕಡೆಯಿಂದ ಒಟ್ಟಿಗೇ ಹಲಗೆ ಹತ್ತಿದರು. ಒಂದು ಬದಿಯ ಗುರುತು ಹೊರಗೋಡೆಯ ಕಿಟಕಿಯತ್ತ ಮುಖ ಮಾಡಿತ್ತು, ಇನ್ನೊಂದು ಬದಿಯದು ಅದರ ಎದುರಿನ ಗೋಡೆಯತ್ತ. ಹಲಗೆಯ ಮೇಲೆ ತಿರುಗಲು ಹೋಗಿ ಇಬ್ಬರೂ ಮೂಗಿಗೆ ಮೂಗು ತಾಕಿಸಿ ನಿಂತರು.

"ನೀ ಮೊದಲು."

"ಇಲ್ಲ ಇಲ್ಲ, ನೀ ಮೊದಲು."

"ಇಷ್ಟು ಹತ್ರ ಬಂದ ಮೇಲೆ ಮದುವೇನೇ ಆಗ್ಬೇಕು," ಎಂದಳು ಎತ್ಸುಕೊ.

ಮಿಸಾವೊ-ಸಾನ್‌ಗೆ ನಗು ತಡೆಯಲಾಗಲಿಲ್ಲ. ಬಾಯಿ ಮುಚ್ಚಿಕೊಂಡು ನಕ್ಕು, ಆಮೇಲೆ ಕೋಪ ನೆನಪಾಗಿ ಮುಖ ಬಿಗಿದುಕೊಂಡರು. ಆದರೆ ಕಣ್ಣು ಹಲಗೆಯನ್ನೇ ನೋಡುತ್ತಿತ್ತು. ವಸತಿಗೃಹದಲ್ಲಿ ಎಷ್ಟೋ ಅತಿಥಿಗಳ ಕಾಲು ನೋಡಿದ ಕಣ್ಣು.

"ದಡ್ಡರಾ," ಎಂದರು ಕಡೆಗೆ. "ಮುಖ ಯಾಕೆ ತಿರುಗಿಸ್ಬೇಕು? ಎರಡೂ ಕಡೆ ಮೂತಿ ಕಿಟಕಿ ಕಡೆಗೇ ಇಡಿ. ಹೋಗುವಾಗ್ಲೂ ಕಿಟಕಿ ನೋಡ್ಕೊಂಡು ಹೋಗಿ, ಬರುವಾಗ್ಲೂ ಕಿಟಕಿ ನೋಡ್ಕೊಂಡು ಬನ್ನಿ. ಮೈ ತಿರುಗಿಸೋ ಗೋಜೇ ಇಲ್ಲ." ಅವರೇ ಟೇಪು ಕಿತ್ತು ಮತ್ತೆ ಅಂಟಿಸಿದರು. ಎದ್ದು, ಹಿಡಿಕೆ ಹಿಡಿದು, ಕಿಟಕಿ ನೋಡುತ್ತ ಪಕ್ಕಕ್ಕೆ ಹತ್ತಿ ಪಕ್ಕಕ್ಕೆ ಇಳಿದರು. ಎರಡು ಬದಿಯ ಬೂಟುಗಳೂ ಒಂದು ಕೂದಲಷ್ಟೂ ಅಲುಗಲಿಲ್ಲ.

"ಹ್ಞೂಂ," ಎಂದರು. "ಹೀಗಿಟ್ಟರೆ ಮುಂದಿನವಳ ಕಾಲೂ ಹುಡುಕಬೇಕಿಲ್ಲ."

ಚಿಜುರುವಿಗೆ ಅವರನ್ನು ತಬ್ಬಿಕೊಳ್ಳಬೇಕೆನಿಸಿತು. ಕೈಯಲ್ಲಿ ಕೋಸು ಇತ್ತು.

*

ಶುಕ್ರವಾರ ಆಗೆಪಾನ್ ದಿನ. ಬ್ರೆಡ್ಡನ್ನು ಎಣ್ಣೆಯಲ್ಲಿ ಕರಿದು, ಸಕ್ಕರೆ ಬೆರೆಸಿದ ಹುರಿದ ಸೋಯಾ ಹಿಟ್ಟಿನಲ್ಲಿ ಹೊರಳಿಸುವ ದಿನ. ಮಕ್ಕಳಿಗೆ ಹಬ್ಬ, ಅಡುಗೆಯವರಿಗೆ ಯುದ್ಧ. ಎಣ್ಣೆಯ ಹಬೆ, ಹಾರುವ ಹಿಟ್ಟು, ಕಾಲ ಕೆಳಗೆ ಸಕ್ಕರೆ ಹರಳು. ವರ್ಷದಲ್ಲಿ ನೆಲ ಅತಿ ಹೆಚ್ಚು ಜಾರುವ ದಿನ ಅದೇ. ಫುಜಿಎ-ಸಾನ್ ಬಿದ್ದದ್ದೂ ಅಂಥದೇ ದಿನ.

"ಈವತ್ತು ನಾನೂ ಕೆಳಗೆ ಬರ್ತೀನಿ," ಎಂದಿದ್ದರು ಓನುಮಾ, ಸೆನ್ಸೇ ಹೋಗಿ ಎಲ್ಲ ಹೇಳಿದ ಮೇಲೆ. ಬಿಳಿ ಕೋಟು, ಟೋಪಿ, ಮೂಗಿನವರೆಗೆ ಮಾಸ್ಕು ಹಾಕಿಕೊಂಡು ಗೋಡೆಗೊರಗಿ ನಿಂತರು. ಅವರು ನಿಂತಿದ್ದಾರೆಂಬುದೇ ಎಲ್ಲರ ಕಾಲನ್ನೂ ಬಿಗಿ ಮಾಡಿತ್ತು.

"ಕಾಲು ಸಡಿಲ ಬಿಡಿ!" ಎಂದು ಕೂಗಿದಳು ಚಿಜುರು ಎಣ್ಣೆಯ ಬಾಣಲೆಯ ಮುಂದಿನಿಂದ. "ಬ್ರೆಡ್ಡು ಬಿಡಿ!"

ಮೊದಲ ಸುತ್ತು ಎಣ್ಣೆಗೆ ಬಿದ್ದು ಚುಯ್ಯೆಂದಿತು. ತಿರುವಿ, ಎತ್ತಿ, ಸೋಸಿ ಎತ್ಸುಕೊಳತ್ತ ತಳ್ಳಿದಳು. ಎತ್ಸುಕೊ ಹಿಟ್ಟಿನಲ್ಲಿ ಹೊರಳಿಸಿದಳು. ಡಬ್ಬಿಗೆ ತುಂಬಿದ್ದೇ ಮುಚ್ಚಳ ಬಿತ್ತು. ಒಂದು ಸುತ್ತಿನ ಬಾಲ ಹಿಡಿದು ಇನ್ನೊಂದು ಸುತ್ತು. ಬೆವರು ಹುಬ್ಬಿನಿಂದ ಇಳಿಯುತ್ತಿತ್ತು. ಬಾಗಿಲಲ್ಲಿ ದಾಟುವವರು ಗುರುತಿನ ಕಡೆ ಬೆರಳು ತೋರಿಸಿ "ಹಿಡಿಕೆ, ಸರಿ! ಕಾಲು, ಸರಿ!" ಎಂದು ಗಟ್ಟಿಯಾಗಿ ಹೇಳಿ ಹತ್ತುತ್ತಿದ್ದರು. ರೈಲಿನ ಚಾಲಕರು ಸಿಗ್ನಲಿಗೆ ಬೆರಳು ತೋರುವ ಹಾಗೆ. ಯಾರೋ ಮಧ್ಯೆ "ಏಡಿ, ಸರಿ!" ಎಂದು ಸೇರಿಸಿದರು. ಅಲ್ಲಿಂದ ಎಲ್ಲರೂ ಹಾಗೇ ಹೇಳತೊಡಗಿದರು. ಎಣ್ಣೆಯ ಸದ್ದಿನ ಮೇಲೆ ಆ ಕೂಗು ಏರಿ ಇಳಿದು, ಇಡೀ ಅಡುಗೆಮನೆಗೆ ಒಂದು ತಾಳ ಬಂದುಬಿಟ್ಟಿತು.

ಲಾರಿಗಳು ಹಿಂಬಾಗಿಲಿಗೆ ಬಂದು ನಿಂತವು. ಆಗ ಸೆನ್ಸೇಯ ದನಿ ಒಡೆಯಿತು.

"ಬೆಟ್ಟದ ಶಾಲೆದು ಬ್ರೆಡ್ಡು ಬಂದಿಲ್ಲ! ಒಂದು ತಟ್ಟೆ ಆ ಕಡೆ ಸಾಮಾನು ಕೋಣೇಲೇ ಉಳಿದಿದೆ!"

ಬೆಟ್ಟದ ಶಾಲೆ ಎಲ್ಲಕ್ಕಿಂತ ದೂರ. ಅದರ ಲಾರಿಯೇ ಮೊದಲು ಹೊರಡಬೇಕು, ಹಿಮದ ದಾರಿ. ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತಟ್ಟೆ ಸರಿಸಲೆಂದಿದ್ದ ಕಿಂಡಿಯಲ್ಲಿ ಖಾಲಿ ಡಬ್ಬಿಗಳು ರಾಶಿ ಬಿದ್ದಿದ್ದವು. ತೆಗೆಯಲು ಹೊತ್ತಿಲ್ಲ. ಆ ಕಡೆ ಇದ್ದವರು ಮಿಸಾವೊ-ಸಾನ್ ಒಬ್ಬರೇ.

"ನಾನು ತರ್ತೀನಿ!" ಎಂದರು ಅವರು.

ತಟ್ಟೆ ಅವರ ಎದೆಯ ಅಗಲಕ್ಕಿಂತ ದೊಡ್ಡದು. ಎರಡೂ ಕೈಗೂ ಕೆಲಸ. ಹಿಡಿಕೆ ಹಿಡಿಯಲು ಕೈಯೇ ಇಲ್ಲ. ಓನುಮಾ ಗೋಡೆ ಬಿಟ್ಟು ಮುಂದೆ ಬಂದರು. ಚಿಜುರು ಜಾಲರಿ ಎತ್ತಿದ ಕೈ ಎತ್ತಿದಂತೆಯೇ ನಿಂತಳು. ಎಣ್ಣೆ ಒಂದೇ ಸಮನೆ ಕುದಿಯುತ್ತಿತ್ತು.

ಮಿಸಾವೊ-ಸಾನ್ ಹಲಗೆಯ ಬಳಿ ನಿಂತರು. ಹಿಂದಿನ ಅಭ್ಯಾಸ ಅವರ ಮೈಯನ್ನು ಅರ್ಧ ತಿರುಗಿಸಿದ್ದನ್ನು ಚಿಜುರು ನೋಡಿದಳು. ಬೆನ್ನು ಹಲಗೆಯತ್ತ ಹೊರಳುತ್ತಿತ್ತು. ಅಲ್ಲೇ ತಡೆದರು. ಕಿಟಕಿಯತ್ತ ಮುಖ ಮಾಡಿದರು. ತಟ್ಟೆಯ ಅಂಚನ್ನು ಸೊಂಟಕ್ಕೆ ಆನಿಸಿ ಒಂದು ಕೈ ಬಿಡಿಸಿಕೊಂಡರು, ಆ ಕೈಯಿಂದ ಹಿಡಿಕೆ ಹಿಡಿದರು.

"ಹಿಡಿಕೆ, ಸರಿ!" ಎಂದರು.

ಪಕ್ಕಕ್ಕೆ ಒಂದು ಹೆಜ್ಜೆ ಮೇಲೆ, ಪಕ್ಕಕ್ಕೆ ಒಂದು ಹೆಜ್ಜೆ ಕೆಳಗೆ. ಕಾಲು ಬೂಟಿನೊಳಗೆ ಸುಮ್ಮನೆ ಇಳಿಯಿತು, ಗೂಡಿಗೆ ಇಳಿದ ಹಕ್ಕಿಯ ಹಾಗೆ.

"ಏಡಿ, ಸರಿ!" ಎಂದು ಇಡೀ ಅಡುಗೆಮನೆ ಕೂಗಿತು. ಆ ಕೂಗಿನಲ್ಲಿ ಒಂದು ಗಂಡು ದನಿಯೂ ಇತ್ತು. ಓನುಮಾ ಬೇಗ ಮಾಸ್ಕು ಸರಿಮಾಡಿಕೊಂಡರು.

ಬ್ರೆಡ್ಡು ಎಣ್ಣೆಗೆ ಬಿತ್ತು, ಹಿಟ್ಟಿನಲ್ಲಿ ಹೊರಳಿತು, ಬೆಟ್ಟದ ಶಾಲೆಯ ಲಾರಿ ಹಿಮ ಸಿಡಿಸುತ್ತ ಹೊರಟಿತು. ಹೆಂಗಸರು ಒಬ್ಬರ ಬೆನ್ನ ಮೇಲೊಬ್ಬರು ತಟ್ಟಿದರು. ಎಲ್ಲರ ಬೆನ್ನ ಮೇಲೂ ಹಿಟ್ಟಿನ ಕೈ ಮೂಡಿತು.

*

ಮುರಿದ, ಕಂದಿದ ಆಗೆಪಾನ್ ತುಂಡುಗಳನ್ನು ತಟ್ಟೆಯಲ್ಲಿ ಹಾಕಿಕೊಂಡು ವಿಶ್ರಾಂತಿ ಕೋಣೆಯಲ್ಲಿ ಕೂತಿದ್ದಾಗ ಓನುಮಾ ಬಾಗಿಲಲ್ಲಿ ತಲೆ ಹಾಕಿ ಚಿಜುರುವನ್ನು ಹೊರಗೆ ಕರೆದರು.

"ಚೆನ್ನಾಗಿದೆ," ಎಂದರು. ಮಾಸ್ಕು ಕೆಳಗೆಳೆದು ಮತ್ತೆ, "ತುಂಬಾ ಚೆನ್ನಾಗಿದೆ. ನಾನು ಇಷ್ಟು ವರ್ಷ ಮೇಲಿಂದ ನೋಡ್ತಾನೇ ಇದ್ದೆ. ಎಲ್ರೂ ಹಿಂದೆ ಹಿಂದೆ ನಡೀತಿದ್ದಾರೆ ಅಂತ ನನಗೂ ಕಾಣ್ಲಿಲ್ಲ. ನಾನೂ ಹಾಗೇ ನಡೀತಿದ್ನಲ್ಲ."

"ನಮಗೂ ಕಾಣ್ಲಿಲ್ಲ."

"ಸೋಮವಾರ ನೀವೂ ನನ್ನ ಜೊತೆ ಪುರಸಭೆಗೆ ಬನ್ನಿ. ನೀವೇ ಹೇಳಿ. ಬೇರೆ ಕೇಂದ್ರದವರೂ ಇರ್ತಾರೆ. ಕಂಡುಹಿಡಿದೋರ ಬಾಯಲ್ಲೇ ಬಂದ್ರೆ ಅದರ ತೂಕ ಬೇರೆ. ಜಿಲ್ಲಾ ಸಮಾವೇಶಕ್ಕೂ ನಿಮ್ಮ ಹೆಸರು ಹೋಗ್ಬಹುದು."

ಚಿಜುರುವಿನ ಕಿವಿ ಬಿಸಿಯಾಯಿತು. "ಮಿಸಾವೊ-ಸಾನ್ ವಿಷಯ?"

ಓನುಮಾ ಕತ್ತು ಉಜ್ಜಿಕೊಂಡರು. "ನನ್ನ ಮನಸ್ಸು ಬದಲಾಗಿದೆ. ಆದ್ರೆ ಆ ಮಾತು ಈಗಾಗ್ಲೇ ಪುರಸಭೆಯವರ ಕಿವಿಗೆ ಹೋಗಿದೆ, ನಾನೇ ಫೋನಲ್ಲಿ ಹೇಳಿಬಿಟ್ಟೆ. ಹೊಸ ವಿಧಾನ ಒಳ್ಳೇದು, ವಯಸ್ಸಾದೋರೂ ಬೇಡ, ಎರಡನ್ನೂ ಮಾಡೋಣ ಅಂತಾರೆ ಅವರು. ಮಿಸಾವೊ-ಸಾನ್ ಅವರನ್ನೇ ಯಾಕೆ ಇಟ್ಕೋಬೇಕು ಅಂತ ಕೇಳಿದ್ರೆ ನನ್ನ ಹತ್ರ ಉತ್ತರ ಇಲ್ಲ. ನೋಡೋಣ." ತಿರುಗಿದವರು ಮತ್ತೆ ನಿಂತರು. "ಆ ಬೂಟು ತಿರುಗಿಸೋ ಪದ್ಧತಿ ಇಲ್ಲಿಗೆ ತಂದಿದ್ದು ಯಾರು? ಅದನ್ನೂ ಕೇಳ್ತಾರೆ."

"ಯಾರು ಅಂತ ಹೇಳೋದು ಓನುಮಾ-ಸಾನ್? ನಿಮಗೆ ಮನೇಲಿ ಯಾರು ಕಲಿಸಿದ್ರು?"

"ನಮ್ಮಮ್ಮ," ಎಂದು ಅವರು ನಕ್ಕುಬಿಟ್ಟರು.

ಅವಳು ಒಳಗೆ ಬಂದಾಗ ಎತ್ಸುಕೊ ಸಕ್ಕರೆ ಮೆತ್ತಿದ ಬೆರಳು ಚೀಪುತ್ತ ಕೇಳಿದಳು. "ಏನಂತೆ? ಮುಖ ಕೆಂಡದ ಹಾಗಿದೆ!"

"ಸೋಮವಾರ ಪುರಸಭೇಲಿ ಮಾತಾಡ್ಬೇಕಂತೆ. ನಾನು."

ಕೋಣೆ ಎದ್ದು ಕೂತಿತು. ಯಾವ ಉಡುಪು, ಯಾವ ಲಿಪ್‌ಸ್ಟಿಕ್, ಬಾಗುವಾಗ ಎಷ್ಟು ಬಾಗಬೇಕು. ಎತ್ಸುಕೊ ಮೇಜಿನ ಮೇಲೆ ಸೌಟು ನಿಲ್ಲಿಸಿ ಮೈಕು ಮಾಡಿದಳು. "ಮಾನ್ಯರೇ, ಈಕೆ ಏಡಿಗಳ ಮಹಾರಾಣಿ!" ಮಿಸಾವೊ-ಸಾನ್ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಅವರ ಕಣ್ಣು ತೇವವಾಗಿತ್ತು. "ಮೊದಲ ದಿನ ಇವಳಿಗೆ ಸೌಟು ಎತ್ತೋಕೂ ಬರ್ತಿರಲಿಲ್ಲ ಕಣ್ರೇ," ಎಂದು ಪಕ್ಕದವಳಿಗೆ ಹೆಮ್ಮೆಯಿಂದ ಹೇಳುತ್ತಿದ್ದರು.

ಚಿಜುರು ನಗುತ್ತ ಕೂತಳು. ಹಾಗೆ ಕೂತು ಅವಳು ಸೋಮವಾರದ ಕೋಣೆಯನ್ನು ನೋಡುತ್ತಿದ್ದಳು. ಉದ್ದ ಮೇಜು, ಕರೀ ಕೋಟಿನವರು, ಎಲ್ಲರ ಮುಖವೂ ತನ್ನ ಕಡೆಗೆ. ನಾನು ಕಂಡೆ, ನಾನು ನಿಂತೆ, ನನಗೆ ಹೊಳೆಯಿತು. ಆ ಮಾತುಗಳನ್ನು ಅವಳು ಬುಧವಾರದಿಂದ ನಾಲಿಗೆಯ ಕೆಳಗೆ ಕಲ್ಲುಸಕ್ಕರೆಯ ಹಾಗೆ ಇಟ್ಟುಕೊಂಡು ಚಪ್ಪರಿಸಿದ್ದಳು. ಇನ್ನೂ ಕರಗಿರಲಿಲ್ಲ. ಸಿಹಿ ಹಾಗೇ ಇತ್ತು.

ಅವರನ್ನೇ ಯಾಕೆ ಇಟ್ಟುಕೊಳ್ಳಬೇಕು ಎಂದು ಕೇಳಿದರೆ ಉತ್ತರವಿಲ್ಲ, ಎಂದಿದ್ದರು ಓನುಮಾ.

ಉತ್ತರ ಇತ್ತು. ಹಲಗೆಯ ಮೇಲೆ ಇಬ್ಬರು ಮೂಗು ತಾಕಿಸಿ ನಿಂತಾಗ, ಮುಖ ತಿರುಗಿಸಬೇಡಿ ಎಂದು ಹೇಳಿದ್ದು ಯಾರು? ಅದಿಲ್ಲದಿದ್ದರೆ ಎಲ್ಲ ಅಲ್ಲಿಗೇ ನಿಂತುಹೋಗುತ್ತಿತ್ತು. ಏಡಿ ಹೆಜ್ಜೆ ಮಿಸಾವೊ-ಸಾನ್‌ರದು ಎಂದರೆ ಪೂರ್ತಿ ಸುಳ್ಳೂ ಆಗುವುದಿಲ್ಲ. ಬೇರೆ ಕೇಂದ್ರಗಳಿಗೆ ಹೋಗಿ ಅದನ್ನು ಕಲಿಸುವವರು ಬೇಕಾಗುತ್ತಾರೆ. ಹೊಸಬರ ಪಕ್ಕ ಕೂತು ಕಲಿಸುವುದಕ್ಕೆ ಅವರಿಗಿಂತ ತಾಳ್ಮೆಯವರು ಯಾರಿದ್ದಾರೆ? ಕಂಡುಹಿಡಿದವಳನ್ನೇ ವಯಸ್ಸಾಯಿತೆಂದು ಹೊರಗೆ ಕಳಿಸುವ ಪುರಸಭೆ ಈ ಭೂಮಿಯ ಮೇಲಿಲ್ಲ.

"ಏನು ಹಾಕ್ಕೋತೀಯ, ಹೇಳೇ," ಎತ್ಸುಕೊ ಅವಳ ಮೊಣಕೈ ತಿವಿದಳು. "ಆ ನೀಲಿ ಕೋಟು ಇದೆಯಲ್ಲ?"

"ಹ್ಞೂಂ, ನೀಲಿ ಕೋಟೇ," ಎಂದಳು ಚಿಜುರು.

"ಮಾತು ಬಾಯಿಪಾಠ ಮಾಡ್ಕೋ. ನಡುಗಬಾರ್ದು."

"ಮಾಡ್ಕೋತೀನಿ."

ಆಗಲೇ ಮಾಡಿಕೊಳ್ಳತೊಡಗಿದ್ದಳು. ಮೊದಲ ವಾಕ್ಯ ಇನ್ನೊಬ್ಬರ ಹೆಸರಿನಿಂದ ಶುರುವಾಗುತ್ತಿತ್ತು. ಮಿಸಾವೊ-ಸಾನ್ ತಟ್ಟೆಯನ್ನು ಅವಳತ್ತ ಸರಿಸಿ, "ತಿನ್ನು, ಆರಿ ಹೋಗುತ್ತೆ," ಎಂದರು. ಚಿಜುರು ಒಂದು ತುಂಡು ಎತ್ತಿಕೊಂಡು, ಅವರ ಮುಖ ನೋಡದೆ, ಬಾಯಿ ತುಂಬ ತಿಂದಳು.